ಟಿನ್ಸೆಲ್‌ಗೆ ಕನ್ನಡದಲ್ಲಿ ಏನು? ಇವತ್ತೇ ಬೇಕು

ಗೆಳೆಯರೇ, ಸ್ವಲ್ಪ ಅರ್ಜೆಂಟು. ಒಂದು ಶಾಲೆಯ ಲೈಬ್ರರಿಗೆ ಗೋಡೆಪಟ ಮಾಡುತ್ತಿದ್ದೇನೆ. ಇ, ಐ, ಎಲ್, ಎನ್, ಎಸ್, ಟಿ ಈ ಆರೇ ಅಕ್ಷರ. ಹಿಂದುಮುಂದು ಮಾಡಿದರೆ ಐದು ಇಂಗ್ಲಿಷ್ ಪದ ಸಿಗುತ್ತವೆ: ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಇನ್‌ಲೆಟ್ಸ್, ಟಿನ್ಸೆಲ್. ಪದಗಳು ಇಂಗ್ಲಿಷ್ ಲಿಪಿಯಲ್ಲೇ ಇರುತ್ತವೆ, ಕೆಳಗೆ ಕನ್ನಡದಲ್ಲಿ ಅರ್ಥ. ಮೊದಲ ಮೂರಕ್ಕೆ ಆಲಿಸು, ಸದ್ದಿಲ್ಲದ, ಸೇನೆಗೆ ಭರ್ತಿಯಾಗು ಎಂದು ಹಾಕಿದ್ದೇನೆ. 'ಕೇಳು' ಬೇಕಂತಲೇ ಬಿಟ್ಟೆ, ಮಕ್ಕಳು ಪ್ರಶ್ನೆ ಕೇಳುವುದು ಅಂದುಕೊಳ್ಳುತ್ತಾರೆ. ಉಳಿದೆರಡು ಬಗೆಹರಿಯುತ್ತಿಲ್ಲ. ಜೊತೆಗೆ ಪಟದ ತಲೆಬರಹಕ್ಕೆ ಆನಗ್ರಾಮ್ (ಹೀಗೆ ಅಕ್ಷರ ಹಿಂದುಮುಂದು ಮಾಡಿ ಬೇರೆ ಪದ ಕಟ್ಟುವ ಆಟ) ಅನ್ನುವುದಕ್ಕೂ ಒಂದು ಪದ ಬೇಕು. ಪ್ರಿಂಟಿನವರು ಸಂಜೆ ಏಳಕ್ಕೆ ಫೈಲ್ ಕೇಳಿದ್ದಾರೆ.
– ಮೈಸೂರಿನಿಂದ

ಟಿನ್ಸೆಲ್ = ಜರಿ. ಇನ್‌ಲೆಟ್ = ಕೊಲ್ಲಿ. ಮುಗೀತು.
– ಧಾರವಾಡದಿಂದ

> ಮುಗೀತು.

ಎಲ್ಲಿ ಮುಗೀತು ಮಾರಾಯ್ರೇ? ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಚಿನ್ನ ಇರುತ್ತದೆ. 'ಜರಿ' ಪದವೇ ಪಾರಸಿಯ 'ಜರ್', ಅಂದರೆ ಚಿನ್ನದಿಂದ ಬಂದದ್ದು. ಟಿನ್ಸೆಲ್ ಅಂದರೆ ಚಿನ್ನದ ಹಾಗೆ ಹೊಳೆಯುವ ಅಗ್ಗದ ಮಾಲು. ಎರಡೂ ಒಂದೇ ಹೇಗಾಗುತ್ತದೆ?

ಅದಕ್ಕೆ ನಮ್ಮಲ್ಲಿ ಪದ ಇದೆ: ಬೇಗಡೆ. ಯಕ್ಷಗಾನದ ವೇಷಭೂಷಣ ಹತ್ತಿರದಿಂದ ನೋಡಿದ್ದೀರಾ? ಭುಜಕೀರ್ತಿ, ಎದೆಕಟ್ಟು, ಕಿರೀಟ ಎಲ್ಲ ಹಗುರ ಮರದಲ್ಲಿ ಕೆತ್ತಿದ್ದು. ಅದರ ಮೇಲೆ ಬೇಗಡೆ ಅಂಟಿಸುತ್ತಾರೆ. ಕೈಯಲ್ಲಿ ಹಿಡಿದರೆ ಸರಬರ ಅನ್ನುತ್ತದೆ, ಉಗುರು ತಾಗಿದರೆ ಹರಿಯುತ್ತದೆ. ರಾತ್ರಿ ದೀಪದ ಎದುರು ಮಾತ್ರ ಅಪ್ಪಟ ಬಂಗಾರ. ಪಟದಲ್ಲಿ ಕ್ರಿಸ್‌ಮಸ್ ಮರದ ಚಿತ್ರ ಇದ್ದರೆ 'ಬೇಗಡೆ ಎಳೆ' ಅನ್ನಿ, ಸಾಕು.

ಇನ್ನು ಕೊಲ್ಲಿ. ಬಂಗಾಳ ಕೊಲ್ಲಿ ನೋಡಿದವರು ಇನ್‌ಲೆಟ್‌ಗೆ ಆ ಪದ ಹಾಕುವುದಿಲ್ಲ. ಇದು ಕಡಲು ನೆಲದೊಳಗೆ ನುಗ್ಗಿದ ಸಣ್ಣ ಜಾಗ. ನಮ್ಮ ಕಡೆ ಹತ್ತಿರದ ಮಾತು ಅಂದರೆ ಅಳಿವೆ. ಗಂಗೊಳ್ಳಿಯಲ್ಲಿ ಐದು ಹೊಳೆ ಸೇರಿ ಕಡಲಿಗೆ ಬೀಳುವ ಕಡೆ ದೋಣಿಗಳು ದಾಟುವುದು ಅಳಿವೆ ಬಾಗಿಲು. ಆದರೆ ಅಳಿವೆಗೆ ಹೊಳೆ ಇರಲೇಬೇಕು, ಇನ್‌ಲೆಟ್‌ಗೆ ಬೇಕಾಗಿಲ್ಲ. ಹಾಗಾಗಿ 'ಕಿರುಕೊಲ್ಲಿಗಳು' ಅನ್ನಿ. ಕೊನೆಯ ಎಸ್ ಬಹುವಚನದ್ದು, 'ಗಳು' ಬಿಡಬೇಡಿ.
– ಕುಂದಾಪುರದಿಂದ

ಎಲ್ಲರೂ ಟಿನ್ಸೆಲ್‌ನ ಮೂಲ ಮರೆತಿದ್ದೀರಿ. ಲ್ಯಾಟಿನ್ನಿನಲ್ಲಿ ಕಿಡಿಗೆ 'ಸ್ಕಿಂಟಿಲಾ' ಅನ್ನುತ್ತಿದ್ದರು. ಆಡುಮಾತಿನಲ್ಲಿ ಕ ಮತ್ತು ಟ ಜಾಗ ಬದಲಿಸಿ 'ಸ್ಟಿಂಕಿಲಾ' ಆಯಿತು. ಅಲ್ಲಿಂದ ಹಳೆಯ ಫ್ರೆಂಚಿನ 'ಎಸ್ಟೆನ್ಸೆಲ್', ಆಮೇಲೆ ಇಂಗ್ಲಿಷಿನ ಟಿನ್ಸೆಲ್. ಅಂದರೆ ನಿಮ್ಮ ಪಟದ ಐದು ಪದಗಳಲ್ಲಿ ಇದೊಂದು ಹುಟ್ಟಿದ್ದೇ ಅಕ್ಷರ ಅದಲುಬದಲಾಗಿ! ಇಷ್ಟು ಚೆಂದದ ವಿಷಯ ಬಿಟ್ಟು ಬೇಗಡೆ ಅಂತ ಕೂತಿದ್ದೀರಲ್ಲ. 'ಕಿಡಿಯೆಳೆ' ಅನ್ನಿ.

ತಲೆಬರಹಕ್ಕೆ ವರ್ಣಪಲ್ಲಟ ಮಾತ್ರ ಬೇಡ. ಮಾತಿನಲ್ಲಿ ಧ್ವನಿಗಳು ತಾವಾಗಿಯೇ ಜಾಗ ಬದಲಿಸುವುದಕ್ಕೆ ಭಾಷಾಶಾಸ್ತ್ರದಲ್ಲಿ ಆ ಹೆಸರು ಇದೆ. ನಮ್ಮ ಮೇಷ್ಟ್ರುಗಳು ಡೆಸ್ಕನ್ನು 'ಡೆಕ್ಸು' ಅನ್ನುತ್ತಿದ್ದರಲ್ಲ, ಅದು ವರ್ಣಪಲ್ಲಟ. ಬೇಕಂತಲೇ ಆಡುವ ಆಟಕ್ಕೆ ಅಕ್ಷರಪಲ್ಲಟ ಸರಿ. ಕನ್ನಡದಲ್ಲಿ ಆಟದ ಘಟಕ ಅಕ್ಷರವೇ, ಬಿಡಿ ಸ್ವರ ವ್ಯಂಜನ ಅಲ್ಲ. ವದನ, ದವನ, ದನವ. ಜನಕ, ಕನಜ. ಗಮನ, ಮಗನ. 'ಮರಾ ಮರಾ' ಅನ್ನುತ್ತಾ ರಾಮನಾಮ ಬಂದ ವಾಲ್ಮೀಕಿಯ ಕತೆ ಯಾರಿಗೆ ಗೊತ್ತಿಲ್ಲ? ಅಲ್ಲೂ ಜಾಗ ಬದಲಿಸಿದ್ದು 'ರಾ', ದೀರ್ಘದ ಸಮೇತ.
– ಬೆಂಗಳೂರಿನಿಂದ

> ಕಿಡಿಯೆಳೆ

ಪಟಾಕಿ ಅಂದುಕೊಳ್ಳುತ್ತಾರೆ. ಮೂಲ ನೋಡಿ ಅರ್ಥ ಕೊಡುವ ಚಟ ಬಿಡಿ.
– ಕುಂದಾಪುರದಿಂದ

ಪಲ್ಲಟ, ವರ್ಣ, ಅಕ್ಶರ, ಎಲ್ಲಾ ಸಂಸ್ಕ್ರುತದ ಹೊರೆ. 'ಬರಿಗೆಯಾಟ' ಅನ್ನಿ, ಬರಿಗೆ ಎಂದರೆ ಅಕ್ಶರವೇ, ಮಕ್ಕಳಿಗೆ ಬಾಯಿಗೂ ಸಲೀಸು. 'ಬರ್ತಿ' ಹಿಂದಿ, ಮರಾಟಿಯ ಕಡೆಯಿಂದ ಬಂದದ್ದು. 'ಪಡೆಗೆ ಸೇರು' ಎಂದರೆ ಅರ್ತ ಆಗುವುದಿಲ್ಲವೇ? ಪಡೆ ನಮ್ಮದೇ ಪದ. ಮನೆಯಲ್ಲೇ ಇರುವಾಗ ಸಾಲ ಯಾಕೆ?
– ದಾವಣಗೆರೆಯಿಂದ

ಮೊದಲು 'ಅರ್ಥ' ಅಂತ ಬರೆಯೋದು ಕಲೀರಿ. ಮಹಾಪ್ರಾಣ ತೆಗೆದ ಪಟವನ್ನು ಶಾಲೆಯ ಗೋಡೆಗೆ ಹಾಕಿದರೆ ನಾಳೆ ಮೇಷ್ಟ್ರು ಮಕ್ಕಳ ಅಂಕ ಕಳೀತಾರೆ.

ಭರ್ತಿಗೆ ಏನಾಗಿದೆ? ಸೇನಾ ಭರ್ತಿ ರ‍್ಯಾಲಿ ಅಂದರೆ ಯಾವ ಹಳ್ಳಿಯ ಹುಡುಗನಿಗೆ ಗೊತ್ತಾಗಲ್ಲ? ಮಳೆಗಾಲ ಬಂತೆಂದರೆ ಕೆರೆ ಭರ್ತಿ, ಜಲಾಶಯ ಭರ್ತಿ ಅಂತ ಪೇಪರಿನಲ್ಲಿ ಓದುತ್ತೇವೆ. ಆಗ ಯಾರೂ ಮರಾಠಿ ಅನ್ನಲ್ಲ. ಇವರ ಆರಕ್ಷರದ ಪದಗಳನ್ನೇ ನೋಡಿ. ಲಿಸನ್, ಇನ್‌ಲೆಟ್ ಇಂಗ್ಲಿಷಿನ ಸ್ವಂತದ್ದು. ಸೈಲೆಂಟ್ ಲ್ಯಾಟಿನ್ನಿನದು, ಟಿನ್ಸೆಲ್ ಫ್ರೆಂಚಿನದು, ಎನ್‌ಲಿಸ್ಟ್ ಒಳಗಿನ 'ಲಿಸ್ಟ್' ಕೂಡ ಫ್ರೆಂಚಿನಿಂದ ಬಂದದ್ದು. ಅದಕ್ಕೇನು ಇಂಗ್ಲಿಷ್ ಬಡವಾಯಿತಾ?
– ಧಾರವಾಡದಿಂದ

ಇಂಗ್ಲಿಶಿನ ಸಾಲ ಇಂಗ್ಲಿಶಿಗೆ ಇರಲಿ. ನಾನು ಕೇಳಿದ್ದು ಕನ್ನಡದ್ದು.
– ದಾವಣಗೆರೆಯಿಂದ

ಇಬ್ಬರೂ ಹಳೆಯ ಜಗಳ ಹೊಸ ಅಂಗಿ ಹಾಕಿಸಿ ತಂದಿದ್ದೀರಿ. 'ಪಡೆಗೆ ಸೇರು' ಚೆನ್ನಾಗಿದೆ, 'ಭರ್ತಿಯಾಗು' ಕೂಡ ಚೆನ್ನಾಗಿದೆ. ಗೋಡೆಪಟದಲ್ಲಿ ಯಾವುದು ಒಂದು ಸಾಲಿಗೆ ಹಿಡಿಸುತ್ತದೋ ಅದು ಹಾಕಲಿ. ಅಂದ ಹಾಗೆ, ಲಿಸನ್ ಬರೆಯುವಾಗ ಟಿ ಇದೆ, ಹೇಳುವಾಗ ಸೈಲೆಂಟ್. ಪಟದ ಮೂಲೆಯಲ್ಲಿ ಇದನ್ನೂ ಹಾಕಿ, ಮಕ್ಕಳಿಗೆ ಮಜಾ ಬರುತ್ತದೆ.
– ಬೆಂಗಳೂರಿನಿಂದ

ಎಲ್ಲರಿಗೂ ಥ್ಯಾಂಕ್ಸ್. ಫೈಲ್ ಕಳಿಸಿದೆ. ಟಿನ್ಸೆಲ್ – ಬೇಗಡೆ ಎಳೆ. ಇನ್‌ಲೆಟ್ಸ್ – ಕಿರುಕೊಲ್ಲಿಗಳು. ಎನ್‌ಲಿಸ್ಟ್ – ಪಡೆಗೆ ಸೇರು, ಜಾಗ ಕಮ್ಮಿ ಇತ್ತು, ಸಿದ್ಧಾಂತ ಏನೂ ಇಲ್ಲ. ತಲೆಬರಹ ಅಕ್ಷರಪಲ್ಲಟ, ಅದರ ಕೆಳಗೆ ಸಣ್ಣದಾಗಿ 'ಬರಿಗೆಯಾಟ'.

ಎರಡನೇ ಪಟಕ್ಕೆ ಡೇಂಜರ್, ಗಾರ್ಡನ್, ರೇಂಜ್ಡ್, ಗ್ಯಾಂಡರ್ ಆರಿಸಿದ್ದೇನೆ. ಇವೂ ಆರೇ ಅಕ್ಷರ, ಎಲ್ಲದರಲ್ಲೂ ಅವೇ. ಗ್ಯಾಂಡರ್ ಅಂದರೆ ಹೆಬ್ಬಾತಿನ ಗಂಡು. ಅದಕ್ಕೆ ಒಂದೇ ಪದ ಇದೆಯಾ?
– ಮೈಸೂರಿನಿಂದ

ಇಲ್ಲ. ಕೋಳಿಗೆ ಹುಂಜ, ಕುರಿಗೆ ಟಗರು, ಮೇಕೆಗೆ ಹೋತ, ಎಮ್ಮೆಗೆ ಕೋಣ. ಮನೆಯಲ್ಲಿ ಸಾಕಿದ್ದಕ್ಕೆಲ್ಲ ಹೆಸರಿಟ್ಟಿದ್ದೇವೆ, ಹೆಬ್ಬಾತು ಸಾಕಿದವರು ಕಮ್ಮಿ. 'ಗಂಡು ಹೆಬ್ಬಾತು' ಅಂತಲೇ ಹಾಕಿ. ದಯವಿಟ್ಟು ಯಾರೂ 'ಹಂಸ' ಅನ್ನಬೇಡಿ.
– ಕುಂದಾಪುರದಿಂದ

ಹಂಸ ಯಾಕೆ ಅನ್ನಬಾರದು?
– ಧಾರವಾಡದಿಂದ