ಪದಚರ್ಚೆ: ದಿನದ ವೇದಭಾಗದ ‘ಫೀಡ್’ ಮತ್ತು ‘ಸಬ್‌ಸ್ಕ್ರೈಬ್’ – ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಬಲ್ಲವರಲ್ಲಿ ಒಂದು ತುರ್ತು ವಿನಂತಿ. ಸತ್ಯವೇದವನ್ನು ವರ್ಷದೊಳಗೆ ಓದಿ ಮುಗಿಸುವ ಕ್ರಮವನ್ನು ದಿನಕ್ಕೊಂದು ಕಂತಿನಂತೆ ಒದಗಿಸುವ ಜಾಲಪುಟವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪಠ್ಯವನ್ನು ಒಪ್ಪಿಸಬೇಕಾಗಿದೆ. ಈ ಕ್ರಮವನ್ನು ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಶೇನ್ ಅವರು 1842ರಲ್ಲಿ ತಮ್ಮ ಸಭೆಯವರಿಗಾಗಿ ರೂಪಿಸಿದರು. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯಗಳನ್ನು ಓದಿದರೆ ವರ್ಷದಲ್ಲಿ ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಬಾರಿ ಮುಗಿಯುತ್ತವೆ. ಜನವರಿ 1ರ ಕಂತಿನಲ್ಲಿ ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು ಈ ನಾಲ್ಕರ ಮೊದಲ ಅಧ್ಯಾಯಗಳು ಒಟ್ಟಿಗೆ ಬರುತ್ತವೆ.

ಇಷ್ಟನ್ನು ಕನ್ನಡಿಸಲು ತೊಡಕಾಗಲಿಲ್ಲ. ತೊಡಕಾಗಿರುವುದು ಪುಟದ ನೆತ್ತಿಯಲ್ಲಿರುವ ‘ಸಬ್‌ಸ್ಕ್ರೈಬ್’ ಗುಂಡಿ. ಅದರ ಮೇಲೆ ‘ಚಂದಾದಾರರಾಗಿ’ ಎಂದು ಬರೆದು ನಮ್ಮ ಸಭೆಯ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಬೆರಳನ್ನು ಗುಂಡಿಯವರೆಗೆ ಒಯ್ದು, ಒತ್ತದೆ, “ಚಂದಾ ಎಷ್ಟು? ವರ್ಷಕ್ಕೋ ತಿಂಗಳಿಗೋ?” ಎಂದು ಕೇಳಿದರು. ಹಣದ ಮಾತೇ ಇಲ್ಲದ ಕಡೆ ಹಣವನ್ನು ನೆನಪಿಸುವ ಪದವನ್ನು ಇಡಲು ನನಗೆ ಮನಸ್ಸಿಲ್ಲ. ತಾಣದ ಹೊಸ ಕಂತುಗಳನ್ನು ಓದುಗರಿಗೆ ದೊರಕಿಸುವ ‘ಫೀಡ್’ ಎಂಬ ಏರ್ಪಾಟಿಗೂ ಒಂದು ಪದ ಬೇಕು. ‘ವಾಚನ’, ‘ಪಾರಾಯಣ’, ‘ಓದು’ ಇವುಗಳಲ್ಲಿ ಯಾವುದು ಒಪ್ಪುತ್ತದೆಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1

‘ಫೀಡ್’ಗೆ ‘ಊಡಿಕೆ’ ಎನ್ನಿ. ‘ಊಡು’ ಎಂದರೆ ಉಣಿಸು; ‘ಊಟ’ವೂ ‘ಉಣ್’ ಎಂಬ ಅದೇ ಬೇರಿನದು. ಮನುಷ್ಯನು ರೊಟ್ಟಿಯಿಂದ ಮಾತ್ರವೇ ಬದುಕುವುದಿಲ್ಲ, ದೇವರ ಮಾತಿನಿಂದ ಬದುಕುತ್ತಾನೆ ಎಂದು ಹೇಳುವ ಗ್ರಂಥಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗದು. ‘ಚಂದಾ’ ಪಾರಸಿಯದು, ಬಿಟ್ಟುಬಿಡಿ. ‘ಫೀಡ್’ ಎಂದೇ ಬರೆಯುವುದು ಲಿಪಿಯ ಬದಲಾವಣೆಯೇ ಹೊರತು ಅನುವಾದವಲ್ಲ.

ಉತ್ತರ 2

ದಿನವೂ ತಪ್ಪದೆ ಮನೆಬಾಗಿಲಿಗೆ ಹಾಲು, ಹೂವು ಹಾಕಿಸಿಕೊಳ್ಳುವ ಏರ್ಪಾಟಿಗೆ ಕನ್ನಡದಲ್ಲಿ ‘ವರ್ತನೆ’ ಎಂಬ ಪದವಿದೆ. ‘ವೇದಭಾಗದ ವರ್ತನೆ’ ಎಂದರೆ ಫೀಡ್ ಮತ್ತು ಚಂದಾ ಎರಡೂ ಒಂದೇ ಪದದಲ್ಲಿ ಬಂದಂತಾಗುತ್ತದೆ. ಬಳಕೆ ತಪ್ಪುತ್ತಿರುವ ಇಂಥ ಪದಗಳನ್ನು ನಾವು ಎತ್ತಿಕೊಳ್ಳದಿದ್ದರೆ ಇನ್ನು ಯಾರು ಎತ್ತಿಕೊಳ್ಳುತ್ತಾರೆ?

ಉತ್ತರ 3

‘ವರ್ತನೆ’ ನನಗೂ ಪ್ರಿಯವಾದ ಪದ. ಆದರೆ ಇಂದಿನ ಓದುಗರಲ್ಲಿ ಹೆಚ್ಚಿನವರಿಗೆ ಅದರ ಅರ್ಥ ನಡವಳಿಕೆ. ಗುಂಡಿಯ ಮೇಲೆ ಅದನ್ನು ಕಂಡವರು ಒಳಗೆ ನೀತಿಪಾಠವಿದೆಯೆಂದು ತಿಳಿದಾರು. ‘ಊಡಿಕೆ’ ಬೇಡ. ‘ಊಡು’ ಇಂದು ಉಳಿದಿರುವುದು ‘ಹಾಲೂಡಿಸು’ ಎಂಬಲ್ಲಿ, ಅಂದರೆ ತಾನಾಗಿ ಉಣ್ಣಲಾರದ ಕೂಸಿಗೆ ಉಣಿಸುವ ಸಂದರ್ಭದಲ್ಲಿ. ಫೀಡಿನ ಓದುಗರ ಸ್ಥಿತಿ ಅದಲ್ಲ.

ಪದ ಹುಡುಕುವ ಮೊದಲು ವಸ್ತು ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕು. ಫೀಡಿಗೆ ಎರಡು ನಮೂನೆಗಳು ಬಳಕೆಯಲ್ಲಿವೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿ ಹೊರತಂದ ಆರ್‌ಎಸ್‌ಎಸ್ ಆಗಲಿ, 2005ರಲ್ಲಿ ಮಾನಕವಾಗಿ ಪ್ರಕಟವಾದ ಆಟಂ ಆಗಲಿ, ಕ್ರಮ ಒಂದೇ: ತಾಣದಲ್ಲಿ ಒಂದು ಕಡತವಿರುತ್ತದೆ, ಹೊಸ ಕಂತು ಬಂದಾಗ ಅದರ ತಲೆಬರಹ, ಕೊಂಡಿ, ದಿನಾಂಕಗಳು ಆ ಕಡತಕ್ಕೆ ಸೇರುತ್ತವೆ, ಓದುಗರ ಬಳಿ ಇರುವ ತಂತ್ರಾಂಶವು ಆಗಾಗ ಅದನ್ನು ನೋಡಿ ಹೊಸದೇನಾದರೂ ಇದ್ದರೆ ಎತ್ತಿಕೊಂಡು ಬರುತ್ತದೆ. ತಾಣದವರು ಯಾರಿಗೂ ಏನನ್ನೂ ಕಳುಹಿಸುವುದಿಲ್ಲ. ಹಳೆಯ ರೂಢಿಯೊಂದು ಇದಕ್ಕೆ ತಿರುಗುಮುರುಗು. 1728ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಸಭೆಯವರು ದಿನಕ್ಕೊಂದು ವಾಕ್ಯವನ್ನು ಮನೆಮನೆಗೆ ಹೋಗಿ ಹೇಳಿ ಬರುವ ರೂಢಿಯನ್ನು ಆರಂಭಿಸಿದರು. 1731ರಿಂದ ಇಡೀ ವರ್ಷದ ವಾಕ್ಯಗಳನ್ನು ಮೊದಲೇ ಮುದ್ರಿಸತೊಡಗಿದರು. ಅಲ್ಲಿ ವಾಕ್ಯವೇ ಓದುಗನ ಬಾಗಿಲಿಗೆ ಬರುತ್ತಿತ್ತು. ಇಲ್ಲಿ ಓದುಗ ಆಳನ್ನು ಕಳುಹಿಸಿ ತರಿಸಿಕೊಳ್ಳುತ್ತಾನೆ.

ನೋಡಿ, ಬೇಕಾದ ಪದ ಮಾತಿನ ನಡುವೆ ತಾನಾಗಿಯೇ ಬಂದಿತು. “ನಾವು ಆ ಪತ್ರಿಕೆ ತರಿಸುತ್ತೇವೆ” ಎನ್ನುವಾಗ ನಾವು ಹೇಳುವುದು ಸಬ್‌ಸ್ಕ್ರೈಬ್ ಎಂಬುದನ್ನೇ, ಅದಕ್ಕೆ ಚಂದಾ ಎಂಬ ಹೆಸರೂ ಬೇಕಾಗುವುದಿಲ್ಲ. ‘ತರಿಸು’ವಿನಲ್ಲಿ ತರುವವರು ಬೇರೆಯವರೆಂಬುದೂ, ‘ಕೊಳ್ಳು’ವಿನಲ್ಲಿ ಅದು ತನಗಾಗಿ ಎಂಬುದೂ ಅಡಗಿವೆ. ಗುಂಡಿಗೆ ನಾಮಪದವನ್ನು ಹುಡುಕುತ್ತ ಕುಳಿತದ್ದೇ ನಮ್ಮ ತಪ್ಪು. ‘ದಿನದ ವೇದಭಾಗವನ್ನು ತರಿಸಿಕೊಳ್ಳಿ’ ಎಂದು ಬರೆಯಿರಿ. ‘ವಾಚನ’ ಎಂದರೆ ಆರಾಧನೆಯಲ್ಲಿ ಗಟ್ಟಿಯಾಗಿ ಓದುವುದೆಂಬ ಅರ್ಥ ಬರುತ್ತದೆ. ‘ಪಾರಾಯಣ’ದ ‘ಪಾರ’ ಆಚೆಯ ದಡವಾದ್ದರಿಂದ ಇಡೀ ವರ್ಷದ ಓದಿಗೆ ಒಪ್ಪೀತು, ಒಂದು ದಿನದ ಕಂತಿಗಲ್ಲ. ಉಳಿದ ಕಡೆಗಳಲ್ಲಿ ‘ಓದು’ ಸಾಕು.

‘ಫೀಡ್’ ಎಂಬುದನ್ನು ಹಾಗೆಯೇ ಬಿಡಿ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಅರಣ್ಯದ ನೆಲದ ಮೇಲೆ ಕಂಡ ಆಹಾರವಸ್ತುವನ್ನು ಇಸ್ರಾಯೇಲ್ಯರು “ಇದೇನು?” ಎಂದು ಕೇಳಿದರು, ಹೀಬ್ರೂವಿನ ಆ ಪ್ರಶ್ನೆಯೇ ‘ಮನ್ನ’ ಎಂಬ ಹೆಸರಾಯಿತು. ಕನ್ನಡದ ಸತ್ಯವೇದದಲ್ಲಿಯೂ ಅದು ಮನ್ನವಾಗಿಯೇ ಉಳಿದಿದೆ. ಅದನ್ನು ಓದಿದ ಕನ್ನಡಿಗರಾರಿಗೂ ಭಾಷೆ ಕೆಟ್ಟಿತೆಂದು ಅನಿಸಲಿಲ್ಲ.

ಉತ್ತರ 1 ಬರೆದವರಿಂದ

ಹೋಲಿಕೆ ನಿಲ್ಲುವುದಿಲ್ಲ. ಮನ್ನ ಎಂಬುದು ಒಮ್ಮೆ ಬಂದುಹೋದ ಒಂದು ವಸ್ತುವಿನ ಅಂಕಿತನಾಮದಂಥದು. ‘ಫೀಡ್’ ನಾಳೆ ನೂರು ಪುಟಗಳಲ್ಲಿ ಬರುವ ರೂಢನಾಮ. ಒಂದನ್ನು ಒಪ್ಪಿದರೆ ಅದರ ಬೆನ್ನಿಗೆ ‘ಲಿಂಕ್’, ‘ಅಪ್‌ಡೇಟ್’, ‘ಪೋಸ್ಟ್’ ಎಲ್ಲವೂ ಬರುತ್ತವೆ, ಕ್ರಿಯಾಪದಕ್ಕೆ ‘ಮಾಡು’ ಒಂದೇ ಉಳಿಯುತ್ತದೆ. ‘ತರಿಸಿಕೊಳ್ಳಿ’ ಎಂಬುದನ್ನು ಒಪ್ಪುತ್ತೇನೆ. ‘ಊಡಿಕೆ’ಯನ್ನು ಕೈಬಿಡುವುದಿಲ್ಲ.

ಉತ್ತರ 3 ಬರೆದವರಿಂದ

‘ಮಾಡು’ ಒಂದೇ ಉಳಿಯುತ್ತದೆಂಬ ತಮ್ಮ ಭಯ ನನ್ನದೂ ಹೌದು. ಆದ್ದರಿಂದಲೇ ‘ಸಬ್‌ಸ್ಕ್ರೈಬ್ ಮಾಡಿ’ ಎನ್ನದೆ ‘ತರಿಸಿಕೊಳ್ಳಿ’ ಎಂದೆ. ನಾಮಪದಗಳು ಹೊರಗಿನಿಂದ ಬರಲಿ. ‘ಪಾದ್ರಿ’ ಪೋರ್ಚುಗೀಸಿನಿಂದ ಬಂತು, ‘ಬೈಬಲ್’ ಗ್ರೀಕಿನಿಂದ ಬಂತು, ‘ಸತ್ಯವೇದ’ದ ಎರಡು ಭಾಗಗಳೂ ಸಂಸ್ಕೃತದವು. ಕ್ರಿಯಾಪದವನ್ನು ಬಿಟ್ಟುಕೊಡಬಾರದು ಎಂಬಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಗುಂಡಿಯ ಮೇಲೆ ‘ದಿನದ ವೇದಭಾಗವನ್ನು ತರಿಸಿಕೊಳ್ಳಿ’ ಎಂದು ಹಾಕಿ, ಕೆಳಗಿನ ವಿವರಣೆಯಲ್ಲಿ ಒಂದು ಕಡೆ ಮಾತ್ರ ‘ಫೀಡ್’ ಎಂದು ಬರೆದಿದ್ದೇನೆ. ಅದೇ ಹಿರಿಯರಿಗೆ ಮತ್ತೆ ತೋರಿಸಿದೆ. ಈ ಸಲ ಅವರು ಏನನ್ನೂ ಕೇಳದೆ ಗುಂಡಿಯನ್ನು ಒತ್ತಿದರು; ಅನಂತರ, “ಬೇಡವೆನಿಸಿದರೆ?” ಎಂದರು. ‘ಅನ್‌ಸಬ್‌ಸ್ಕ್ರೈಬ್’ಗೆ ನಾನು ಪದವನ್ನೇ ಯೋಚಿಸಿರಲಿಲ್ಲ. ಪತ್ರಿಕೆಯ ವಿಷಯದಲ್ಲಿ “ಈಗ ನಿಲ್ಲಿಸಿದ್ದೇವೆ” ಎನ್ನುವ ರೂಢಿಯನ್ನು ನೆನೆದು ‘ನಿಲ್ಲಿಸಿ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದವರು ಸಂಜೆಯೊಳಗೆ ತಿಳಿಸಬೇಕಾಗಿ ಕೋರುತ್ತೇನೆ.