ಕೈಯಲ್ಲಿ ಕಟ್ಟಿದ ಕ್ಲಾಸಿಕಲ್ ಗಿಟಾರ್: ಮೂರನೇ ತಂತಿ, ಎರಡನೇ ಫ್ರೆಟ್, ಝರ್ ಸದ್ದು. ತಲೆ ಕೆಟ್ಟಿದೆ

ಗಿರಿನಗರ_ಗಿಟಾರ್ (ಮಂಗಳವಾರ ರಾತ್ರಿ)
ಎರಡು ವಾರದಿಂದ ಇದೇ ಗೋಳು. ಮೂರನೇ ತಂತಿಯ ಎರಡನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಎ ಸ್ವರ ನುಡಿಸಿದರೆ ಸಾಕು, ಒಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಝರ್ ಅನ್ನುತ್ತದೆ. ಒಂದು ಫ್ರೆಟ್ ಹಿಂದೆ ಸರಿ, ಒಂದು ಫ್ರೆಟ್ ಮುಂದೆಯೂ ಸರಿ. ಎ ಮಾತ್ರ. ಒಂದೂವರೆ ವರ್ಷ ಕಾದು ಕಟ್ಟಿಸಿಕೊಂಡ ಗಿಟಾರ್ ಸ್ವಾಮಿ ಇದು. ಕಟ್ಟಿದವರಿಗೆ ಫೋನ್ ಮಾಡಿದರೆ ತಂತಿ ಬದಲಾಯಿಸಿ ನೋಡಿ ಅಂದರು. ಎರಡು ಸೆಟ್ ದಂಡ ಆಯಿತು. ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಎತ್ತರಿಸಬೇಕಾ, ಫ್ರೆಟ್ ಉಜ್ಜಿಸಬೇಕಾ? ಬೇಗ ಹೇಳಿ, ಭಾನುವಾರ ಅಪಾರ್ಟ್‌ಮೆಂಟಿನಲ್ಲಿ ನುಡಿಸುವುದಿದೆ.

ಆರನೇತಂತಿ
ಫೆಬ್ರವರಿ ಕೊನೆ, ಬೆಂಗಳೂರು. ಇನ್ನೇನು ಕೇಳುತ್ತೀರಿ? ಒಣ ಹವೆ. ನಿನ್ನೆ ಮಧ್ಯಾಹ್ನ 3 ಗಂಟೆಗೆ ನನ್ನ ರೂಮಿನ ತೇವಾಂಶದ ಮೀಟರ್ ಶೇ. 28 ತೋರಿಸಿತು. ಗಿಟಾರಿಗೆ 45ರಿಂದ 55 ಬೇಕು. ಮರ ಅಡ್ಡಕ್ಕೆ ಕುಗ್ಗುತ್ತದೆ, ಟಾಪ್ (ಮುಂಭಾಗದ ಹಲಗೆ) ಒಳಗೆ ಕೂರುತ್ತದೆ, ಜೊತೆಗೆ ಅದರ ಮೇಲೆ ತಂತಿ ಕಟ್ಟಿದ ಬ್ರಿಡ್ಜೂ ಇಳಿಯುತ್ತದೆ. ತಂತಿ ಫ್ರೆಟ್‌ಗೆ ತಾಗದೆ ಇನ್ನೇನಾಗುತ್ತದೆ? ಮೀಟರ್ ಎಷ್ಟಿದೆ ಹೇಳಿ.

ಗಿರಿನಗರ_ಗಿಟಾರ್
ಮೀಟರ್ ಇಲ್ಲ. ಗೋಡೆಗೆ ನೇತು ಹಾಕಿದ್ದೇನೆ.

ಆರನೇತಂತಿ
ಗೋಡೆಗೆ! ಮುಗೀತು. ಸೋಪ್ ಡಬ್ಬಿಗೆ ನಾಲ್ಕು ತೂತು ಕೊರೆದು, ಸ್ಪಂಜು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಒಳಗಿಡಿ. ಡಬ್ಬಿಯನ್ನು ಕೇಸಿನಲ್ಲಿ ಗಿಟಾರಿನ ತಲೆಯ ಹತ್ತಿರ ಇಟ್ಟು ಮುಚ್ಚಿ. ಮೂರು ದಿನ ಮುಟ್ಟಬೇಡಿ.

ಉಳಿ_ಸುತ್ತಿಗೆ
ಸ್ವಲ್ಪ ತಡೀರಿ. ಟಾಪ್ ಯಾವ ಮರ? 12ನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರ ಇದೆ? ಗಿಟಾರಿಗೆ ಏನಾದರೂ ಹಾಕಿಸಿದ್ದೀರಾ?

ಗಿರಿನಗರ_ಗಿಟಾರ್
ಸೀಡರ್. ಮಗಳ ಜಾಮೆಟ್ರಿ ಬಾಕ್ಸಿನ ಸ್ಕೇಲ್ ಇಟ್ಟು ನೋಡಿದೆ. ಆರನೇ ತಂತಿ 4 ಮಿ.ಮೀ., ಒಂದನೇದು 3.

ಬೀಟೆಮಂಚ
ಸೀಡರ್ ತಗೊಂಡಿದ್ದೇ ತಪ್ಪು. ಸ್ಪ್ರೂಸ್ ಆಗಿದ್ದರೆ ವರ್ಷ ಹೋದ ಹಾಗೆ ಬಲಿಯುತ್ತಿತ್ತು. ನಾನೇ ಒಂದು ಕಟ್ಟುತ್ತಿದ್ದೇನೆ. ಹಿಂದೆ ಮತ್ತು ಪಕ್ಕಕ್ಕೆ ನಮ್ಮಜ್ಜಿಯ ಬೀಟೆ ಮಂಚ. ಕಾಲು ಮುರಿದು ಅಟ್ಟದಲ್ಲಿ ಬಿದ್ದಿತ್ತು, ಎಪ್ಪತ್ತು ವರ್ಷ ಒಣಗಿದ ಮರ. ಹಲಗೆ ಸೀಳಿಸಿ 2.3 ಮಿ.ಮೀ.ಗೆ ತಂದಿದ್ದೇನೆ. ಬೆರಳ ಗಿಣ್ಣಿನಿಂದ ತಟ್ಟಿದರೆ ದೇವಸ್ಥಾನದ ಗಂಟೆ.

ಉಳಿ_ಸುತ್ತಿಗೆ
ಮಂಚ ಚೆನ್ನಾಗಿರಲಿ ಸಾರ್. ಆದರೆ ಸೀಡರ್ ತಪ್ಪು ಅನ್ನಬೇಡಿ. 1960ರ ದಶಕದಲ್ಲಿ ಮ್ಯಾಡ್ರಿಡ್‌ನ ಗಿಟಾರ್ ಕಟ್ಟುಗ ಮೂರನೇ ಹೊಸೆ ರಾಮಿರೆಸ್ ಅದನ್ನು ಬಳಕೆಗೆ ತಂದರು. ಆಮೇಲೆ ಅರ್ಧ ಜಗತ್ತು ಸೀಡರ್‌ನಲ್ಲೇ ನುಡಿಸಿದೆ. ಹಿಂಭಾಗದ ಮರದ ಬಗ್ಗೆ ಜಾಸ್ತಿ ಹೇಳುವವರಿಗೆ ಇನ್ನೊಂದು ಮಾತು. 1862ರಲ್ಲಿ ಸ್ಪೇನ್‌ನ ಗಿಟಾರ್ ಕಟ್ಟುಗ ತೋರೆಸ್ ಒಂದು ಗಿಟಾರಿಗೆ ಹಿಂಭಾಗ, ಪಕ್ಕ ಎರಡನ್ನೂ ರಟ್ಟಿನಲ್ಲಿ ಮಾಡಿದ. ನಾದ ಬರುವುದು ಟಾಪ್‌ನಿಂದ ಅಂತ ತೋರಿಸಲಿಕ್ಕೆ. ಅದು ಈಗಲೂ ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ.

ಬೀಟೆಮಂಚ
ರಟ್ಟಿನ ಗಿಟಾರ್ ನೀವೇ ನುಡಿಸಿ. ನಮ್ಮ ಬೀಟೆಗೋಸ್ಕರ ಸ್ಪೇನ್‌ನವರು ಇಲ್ಲಿಂದ ಹಲಗೆ ತರಿಸಿಕೊಳ್ಳುತ್ತಾರೆ, ನಾವು ರಟ್ಟು ಹುಡುಕಬೇಕಾ?

ಆರನೇತಂತಿ
ಬೀಟೆ ಗಿಟಾರ್ ಹಿಡಿದು ವಿಮಾನ ಹತ್ತಿದರೆ ಕಸ್ಟಮ್ಸ್‌ನವರು ಹಿಡಿಯುತ್ತಾರೆ, ಗೊತ್ತಲ್ವಾ?

ವೀಣೆಮನೆ
ಅದು ಹಳೇ ಮಾತು. 2017ರಲ್ಲಿ ಬೀಟೆಯ ಜಾತಿಯ ಮರಗಳನ್ನೆಲ್ಲ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದ್ದು ನಿಜ. ತಯಾರಾದ ವಾದ್ಯಗಳನ್ನು 2019ರಲ್ಲಿ ಅದರಿಂದ ಬಿಟ್ಟರು. ಬ್ರೆಜಿಲ್‌ನ ಬೀಟೆ (ರೋಸ್‌ವುಡ್) ಕಥೆ ಬೇರೆ, ಅದಕ್ಕೆ 1992ರಿಂದಲೂ ಬಿಗಿ ಇದೆ. ಅಂದ ಹಾಗೆ ನಮ್ಮ ವೀಣೆಯಲ್ಲಿ ಈ ತಾಪತ್ರಯ ಬಂದರೆ ಮೇಣ ಬಿಸಿ ಮಾಡಿ ಮೆಟ್ಟಿಲು ಸರಿ ಕೂರಿಸುತ್ತೇವೆ. ನಿಮ್ಮದರಲ್ಲಿ ಫ್ರೆಟ್ ಬಡಿದು ಕೂರಿಸಿರುತ್ತಾರೆ, ಪಾಪ.

ಆರನೇತಂತಿ
ಮೇಣ ಇಲ್ಲಿ ಯಾಕೆ ಬಂತು? ಹವೆ ಒಣಗಿದೆ. ಅಷ್ಟೇ ವಿಷಯ.

ಉಳಿ_ಸುತ್ತಿಗೆ (ಬುಧವಾರ)
ಗಿರಿನಗರದವರೇ, 4 ಮತ್ತು 3 ಅಂದರೆ ಕ್ಲಾಸಿಕಲ್‌ಗೆ ಸರಿಯಾದ ಎತ್ತರವೇ. ಟಾಪ್ ಕುಸಿದಿದ್ದರೆ ಇಷ್ಟಿರುತ್ತಿರಲಿಲ್ಲ. ಒಂದು ಕೆಲಸ ಮಾಡಿ. ಅದೇ ಎ ಸ್ವರ ನಾಲ್ಕನೇ ತಂತಿಯ 7ನೇ ಫ್ರೆಟ್‌ನಲ್ಲಿದೆ, ಐದನೇ ತಂತಿಯ 12ರಲ್ಲೂ ಇದೆ. ಮೂರೂ ಕಡೆ ನುಡಿಸಿ. ಒಂದೇ ಕಡೆ ಝರ್ ಅಂದರೆ ಫ್ರೆಟ್ ಅಥವಾ ತಂತಿಯ ತೊಂದರೆ. ಮೂರೂ ಕಡೆ ಅಂದರೆ ಫ್ರೆಟ್‌ಗೂ ಇದಕ್ಕೂ ಸಂಬಂಧವಿಲ್ಲ. ಎಲ್ಲೋ ಏನೋ ಸಡಿಲ ಇದೆ, 220 ಹರ್ಟ್ಸ್ ಕೇಳಿಸಿದಾಗ ಅದು ಕುಣಿಯುತ್ತಿದೆ.

ಆರನೇತಂತಿ
ಸ್ಕೇಲ್‌ನ ಸೊನ್ನೆ ತುದಿಯಿಂದ ಶುರುವಾಗುವುದಿಲ್ಲ, ಅದನ್ನು ನಂಬಬೇಡಿ. ಸ್ಪಂಜು ಇಟ್ಟಿರಾ?

ಗಿರಿನಗರ_ಗಿಟಾರ್
ಇಟ್ಟಿದ್ದೆ, ಈಗ ತೆಗೆದೆ. ಮೂರೂ ಕಡೆ ಝರ್!! ಐದನೇ ತಂತಿಯಲ್ಲಿ ಇನ್ನೂ ಜೋರು.

ಉಳಿ_ಸುತ್ತಿಗೆ
ಸಿಕ್ಕಿತು ಬಿಡಿ. ಇನ್ನು ಒಬ್ಬರು ಎ ನುಡಿಸುತ್ತಿರಲಿ, ಇನ್ನೊಬ್ಬರು ಒಂದೊಂದೇ ಜಾಗ ಬೆರಳಲ್ಲಿ ಒತ್ತಿ ಹಿಡಿಯಲಿ. ಬಿರಡೆಯ ಸ್ಕ್ರೂ ನೋಡಿ. ಬ್ರಿಡ್ಜ್ ಹಿಂದೆ ಗಂಟು ಕಟ್ಟಿದ ತಂತಿಯ ಬಾಲ ಟಾಪ್‌ಗೆ ತಾಗುತ್ತಿದೆಯಾ ನೋಡಿ. ಒಳಗಿನ ಲೇಬಲ್‌ನ ಅಂಚು ಎದ್ದಿದ್ದರೂ ಇದೇ ಸದ್ದು ಬರುತ್ತದೆ. ಟಾಪ್ ಒಳಗೆ ಅಂಟಿಸಿದ ಬ್ರೇಸ್ ಪಟ್ಟಿ ಬಿಟ್ಟಿದ್ದರೆ ತಟ್ಟಿದಾಗ ಗೊತ್ತಾಗುತ್ತದೆ, ಒಡೆದ ಮಡಕೆ ಸದ್ದು.

ಗಿರಿನಗರ_ಗಿಟಾರ್ (ಬುಧವಾರ ರಾತ್ರಿ 11)
ಹೆಂಡತಿ ಒತ್ತಿದಳು, ನಾನು ನುಡಿಸಿದೆ. ಸ್ಕ್ರೂ ಅಲ್ಲ, ಲೇಬಲ್ ಅಲ್ಲ. ಅವಳು ಮೊಬೈಲ್ ಟಾರ್ಚ್ ಹಾಕಿ ಸೌಂಡ್‌ಹೋಲ್ ಒಳಗೆ ಬಗ್ಗಿ ನೋಡಿ, ಈ ವೈರ್ ಹೀಗೆ ಜೋತಾಡಬೇಕಾ ಅಂದಳು. ಗಿಟಾರಿನ ಸದ್ದನ್ನು ಸ್ಪೀಕರಿಗೆ ಕೊಡುವ ಪಿಕಪ್‌ನ ವೈರ್. ಅದರ ಕ್ಲಿಪ್ ಅಂಟು ಬಿಟ್ಟು ಬಿದ್ದಿದೆ, ವೈರ್ ಹೋಗಿ ಹಿಂಭಾಗದ ಹಲಗೆಗೆ ತಾಗುತ್ತಿದೆ.

ಉಳಿ_ಸುತ್ತಿಗೆ
ಯಾವ ಪಿಕಪ್?

ಗಿರಿನಗರ_ಗಿಟಾರ್
ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಅಂತ ಒಂದು ಅಂಗಡಿಯಲ್ಲಿ ಹಾಕಿಸಿದ್ದೆ. ಮೂರು ತಿಂಗಳು ಸುಮ್ನೆ ಇತ್ತಲ್ಲ, ಅದಕ್ಕೇ ಹೇಳಲಿಲ್ಲ.

ಬೀಟೆಮಂಚ
ಕೈಯಲ್ಲಿ ಕಟ್ಟಿದ ಗಿಟಾರಿಗೆ ಜಾಕ್ ಹಾಕಲು ತೂತು ಕೊರೆಸಿದಿರಾ? ಅಯ್ಯೋ ಶಿವನೇ.

ಉಳಿ_ಸುತ್ತಿಗೆ
ಮಂಚ ಸೀಳಿಸಿದವರು ಮಾತಾಡುತ್ತಿದ್ದಾರೆ.

ಗಿರಿನಗರ_ಗಿಟಾರ್ (ಗುರುವಾರ)
ಹಳೇ ಅಂಟು ಕೆರೆದು ಹೊಸ ಕ್ಲಿಪ್ ಅಂಟಿಸಿ ವೈರ್ ಬಿಗಿ ಮಾಡಿದೆ. ಎ ಗಂಟೆಯ ಹಾಗಿದೆ. ಉಳಿ ಸಾರ್, ಒಂದು ಕಾಫಿ ಬಾಕಿ ನಿಮಗೆ. ಕಟ್ಟಿದವರಿಗೆ ಫೋನ್ ಮಾಡಿ ಸಾರಿ ಕೇಳಬೇಕು, ಸ್ವಲ್ಪ ಜೋರಾಗಿ ಮಾತಾಡಿಬಿಟ್ಟಿದ್ದೆ.

ಆರನೇತಂತಿ
ಕ್ಲಿಪ್‌ನ ಅಂಟು ಯಾಕೆ ಬಿಟ್ಟಿತು? ಒಣ ಹವೆಗೆ. ಮೊದಲ ದಿನವೇ ಹೇಳಿದ್ದೆ.

ವೀಣೆಮನೆ
😂

ಗಿರಿನಗರ_ಗಿಟಾರ್
ಆರನೇತಂತಿ ಅವರೇ, ನಿಮಗೂ ಅರ್ಧ ಮಾರ್ಕ್ಸ್ ಇದೆ. ಎಡಗೈ ಜಾರಿಸುವಾಗ ಫ್ರೆಟ್‌ಗಳ ತುದಿ ಬಾಚಣಿಗೆ ಹಲ್ಲಿನ ಹಾಗೆ ಚುಚ್ಚುತ್ತಿದೆ. ಡಿಸೆಂಬರಿನಲ್ಲಿ ಇರಲಿಲ್ಲ.

ಉಳಿ_ಸುತ್ತಿಗೆ
ಅದು ಖಂಡಿತ ಒಣಗಿದ್ದಕ್ಕೇ. ಫಿಂಗರ್‌ಬೋರ್ಡ್ ಮರ ಕುಗ್ಗಿದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿ ಆಚೆ ಬಂದಿದೆ. ಈಗಲೇ ಅರ ಹಿಡಿಯಬೇಡಿ. ಸೋಪ್ ಡಬ್ಬಿ ವಾಪಸ್ ಕೇಸಿಗೆ ಹಾಕಿ, ಗೋಡೆಯಿಂದ ಇಳಿಸಿ. ಎರಡು ಮೂರು ವಾರ ಆದ ಮೇಲೂ ಚುಚ್ಚಿದರೆ ಉಜ್ಜಿಸೋಣ.

ಬೀಟೆಮಂಚ
ನನ್ನ ಹಿಂಭಾಗದ ಎರಡು ಹಲಗೆ ಇವತ್ತು ಜೋಡಿಸಿದೆ. ಫೋಟೋ ಹಾಕಲಾ?

ಹೊಸಬ_ಕೆಂಗೇರಿ (ಭಾನುವಾರ)
ನಮಸ್ತೆ. ನನ್ನದೂ ಇದೇ ಸಮಸ್ಯೆ. ಕ್ಲಾಸಿಕಲ್ ಗಿಟಾರ್, ಎಲ್ಲಾ ಸ್ವರದಲ್ಲೂ ಝರ್. ಬ್ರಿಡ್ಜ್ ಹಿಂದೆ ಟಾಪ್ ಸ್ವಲ್ಪ ಉಬ್ಬಿದೆ. ಸೌಂಡ್ ಜೋರಾಗಲಿ ಅಂತ ಹೋದ ವಾರ ಸ್ಟೀಲ್ ತಂತಿ ಹಾಕಿದ್ದೆ, ಅದು ಬಿಟ್ಟರೆ ಏನೂ ಮಾಡಿಲ್ಲ.

ಉಳಿ_ಸುತ್ತಿಗೆ
ಓದಿದ ತಕ್ಷಣ ಆರೂ ತಂತಿ ಸಡಿಲ ಮಾಡಿ. ಕ್ಲಾಸಿಕಲ್‌ನ ನೈಲಾನ್ ತಂತಿ ಆರೂ ಸೇರಿ ಸುಮಾರು 40 ಕೆಜಿ ಎಳೆಯುತ್ತದೆ, ಸ್ಟೀಲ್ 70 ದಾಟುತ್ತದೆ. ಬ್ರಿಡ್ಜ್ ಕಿತ್ತು ಬರುತ್ತದೆ. ಮಾಡಿದಿರಾ?

ಉಳಿ_ಸುತ್ತಿಗೆ (ಸೋಮವಾರ)
ಕೆಂಗೇರಿಯವರೇ?