ಸಹಾಯ ಬೇಕು: ಸ್ಪಿರುಲಿನಾದ ನೀಲಿ ಬಣ್ಣದ ಜೊತೆ ಹಸಿರೂ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟದ ಪಕ್ಕದ ಸಣ್ಣ ತೊಟ್ಟಿಯಲ್ಲಿ ಸ್ಪಿರುಲಿನಾ (ನೀಲಿ-ಹಸಿರು ಪಾಚಿ) ಬೆಳೆಯುತ್ತಿದ್ದೇನೆ. ಅದರಲ್ಲಿರುವ ಫೈಕೋಸಯಾನಿನ್ ಎಂಬ ನೀಲಿ ಬಣ್ಣ ತೆಗೆಯಬೇಕು. ಅದು ಆಂಟಿಆಕ್ಸಿಡೆಂಟ್ ಕೂಡ ಹೌದು, ಐಸ್‌ಕ್ರೀಮ್, ಮಿಠಾಯಿಗೆಲ್ಲ ಬಳಸುತ್ತಾರೆ.

ಮಳೆಗಾಲದಲ್ಲಿ ಇಲ್ಲಿ ಬಿಸಿಲಿನ ಮಾತೇ ಬೇಡ. ಡ್ರೈಯರ್‌ನಲ್ಲಿ 60 ಡಿಗ್ರಿಗೆ ಒಣಗಿಸಿದ ಪುಡಿಯನ್ನು ನೀರಿಗೆ ಹಾಕಿದರೆ ಬಣ್ಣವೇ ಸರಿಯಾಗಿ ಬಿಡುವುದಿಲ್ಲ. ಇದು ಪ್ರೋಟೀನ್‌ಗೆ ಅಂಟಿಕೊಂಡ ಬಣ್ಣ, ಬಿಸಿ ಜಾಸ್ತಿಯಾದರೆ ಕೆಡುತ್ತದೆ. ಹಾಗಾಗಿ ಒಣಗಿಸುವುದನ್ನು ಬಿಟ್ಟು ಹಸಿ ಮುದ್ದೆಯನ್ನೇ ಹಿಡಿದೆ. ಪಿಎಚ್ 7ರ ಫಾಸ್ಫೇಟ್ ಬಫರ್‌ನಲ್ಲಿ (ಹುಳಿ-ಕ್ಷಾರದ ಮಟ್ಟ ಬದಲಾಗದಂತೆ ಹಿಡಿದಿಡುವ ದ್ರಾವಣ) ಕಲಸಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಕರಗಿಸಿ, ಮತ್ತೆ ಗಟ್ಟಿ ಮಾಡಿದೆ. (ಕರೆಂಟ್ ಹೋದಾಗ ತಾನಾಗಿಯೇ ಕರಗುತ್ತದೆ, ಅದು ಬೇರೆ ಮಾತು!) ನೀಲಿ ಚೆನ್ನಾಗಿಯೇ ಬಂತು.

ತೊಂದರೆ ಆಮೇಲಿನದು. ಬಟ್ಟೆಯಲ್ಲಿ ಸೋಸಿದರೂ, ಫಿಲ್ಟರ್ ಪೇಪರ್‌ನಲ್ಲಿ ಸೋಸಿದರೂ ನೀರು ಹಸಿರು ಹಸಿರು, ಮಬ್ಬು. ಪರಿಚಯದವರ ಲ್ಯಾಬ್‌ನಲ್ಲಿ ಅಳೆಸಿದೆ. 620 (ನೀಲಿ ಬಣ್ಣ) ಮತ್ತು 280 (ಒಟ್ಟು ಪ್ರೋಟೀನ್) ನ್ಯಾನೋಮೀಟರ್‌ನಲ್ಲಿ ಬೆಳಕು ಹೀರುವುದರ ಅನುಪಾತ, ಅಂದರೆ ಬಣ್ಣದ ಶುದ್ಧತೆಯ ಅಳತೆ, 0.5ರ ಹತ್ತಿರ ನಿಂತುಬಿಟ್ಟಿದೆ. ಆಹಾರಕ್ಕೆ 0.7 ಆದರೂ ಬೇಕು. ಹಸಿರು ಬಣ್ಣದ ಕ್ಲೋರೋಫಿಲ್ ನೀರಿನಲ್ಲಿ ಕರಗುವುದಿಲ್ಲ ಅಲ್ವಾ? ಒಡೆದ ಜೀವಕೋಶದ ಚೂರುಗಳ ಜೊತೆ ತೇಲಿ ಬರುತ್ತಿದೆ ಅಂತ ನನ್ನ ಅನುಮಾನ.

ಜೋರಾಗಿ ತಿರುಗಿಸಿ ಚೂರುಗಳನ್ನು ಬೇರ್ಪಡಿಸುವ ದೊಡ್ಡ ಸೆಂಟ್ರಿಫ್ಯೂಜ್ ಕೊಳ್ಳುವಷ್ಟು ಹಣವಿಲ್ಲ. ನೇರವಾಗಿ ಅಮೋನಿಯಂ ಸಲ್ಫೇಟ್ (ಪ್ರೋಟೀನ್ ಅನ್ನು ನೀರಿನಿಂದ ಬೇರ್ಪಡಿಸುವ ಲವಣ) ಹಾಕಿ ನೀಲಿಯನ್ನು ತಳಕ್ಕೆ ಇಳಿಸಿದರೆ 0.7 ದಾಟುತ್ತದೆಯೇ, ಇಲ್ಲಾ ಹಸಿರು ಚೂರುಗಳೂ ಅದರ ಜೊತೆಗೇ ಕೂರುತ್ತವೆಯೇ? ಮಾಡಿ ನೋಡಿದವರು ಹೇಳಿ, ಎಷ್ಟು ಹಾಕಿದಿರಿ ಎನ್ನುವುದನ್ನೂ ತಿಳಿಸಿ.